ಮರೆತು ಬಂದ ಕನ್ನಡಕ

ಮಾತು ಕಲಿಸುವ ಮೇಡಂ ಮೇಲೆ ತಾತನಿಗೆ ಮೊದಲ ದಿನವೇ ಅನುಮಾನ ಹುಟ್ಟಿತ್ತು. ಹುಟ್ಟದೆ ಇನ್ನೇನು? ಮೊಮ್ಮಗಳು ಗುಬ್ಬಿಗೆ ಎಂಟು ವರ್ಷ, ಬಾಯಿ ತೆರೆದಳೆಂದರೆ ಮುಚ್ಚಿಸಲು ಇಬ್ಬರು ಬೇಕು. ಅಂಥವಳಿಗೆ ಮಾತಿನ ತರಬೇತಿಯಂತೆ! ಶಾಲೆಯವರು ಹೇಳಿದರಂತೆ, ಸೊಸೆ ತಲೆಯಾಡಿಸಿದಳಂತೆ. ಸೊಸೆಗೆ ಔಷಧದಂಗಡಿಯ ಕೆಲಸ. ಹಾಗಾಗಿ ವಾರಕ್ಕೆ ಮೂರು ಮಧ್ಯಾಹ್ನ ಮಗುವನ್ನು ಅಲ್ಲಿಗೆ ಕರೆದೊಯ್ಯುವುದು ತಾತನ ಪಾಲಿಗೆ ಬಂತು.

"ಓದು ಬರದಿದ್ರೆ ಓದಿಸ್ಬೇಕಮ್ಮ. ಮಾತಾಡ್ಸಿದ್ರೆ ಓದು ಬಂದ್ಬಿಡತ್ತಾ? ಕಾಲು ನೋವು ಅಂದ್ರೆ ಕಿವಿಗೆ ಮುಲಾಮು ಹಚ್ಚಿದ ಹಾಗಾಯ್ತು," ಎಂದು ಸೊಸೆಯ ಮುಂದೆ ಮೂಗು ಮುರಿದ.

"ಸ್ವಲ್ಪ ದಿನ ನೋಡೋಣ ಮಾವ," ಎಂದಳು ಅವಳು, ಬ್ಯಾಗು ಹೆಗಲಿಗೇರಿಸುತ್ತ.

ತಾತನ ನಿಜವಾದ ಭಯ ಬೇರೆಯೇ ಇತ್ತು. ಊರಿನ ಅರ್ಧ ಅಂಗಡಿಗಳ ಬೋರ್ಡು ಬರೆದ ಕೈ ಅವನದು. ನಲವತ್ತು ವರ್ಷದ ಕಸುಬು, ಅಕ್ಷರವೆಂದರೆ ದುಂಡಗೆ, ಅಚ್ಚು ಹೊಡೆದ ಹಾಗೆ. ಆ ಬೋರ್ಡುಗಳಲ್ಲಿ ಒಂದನ್ನೂ ಓದಲು ಅವನಿಗೆ ಬರುತ್ತಿರಲಿಲ್ಲ. ಗಿರಾಕಿ ಕೊಟ್ಟ ಚೀಟಿಯ ಮೇಲೆ ಸಣ್ಣ ಚೌಕಗಳನ್ನು ಎಳೆಯುವುದು, ಹಲಗೆಯ ಮೇಲೆ ಅಷ್ಟೇ ಚೌಕಗಳನ್ನು ದೊಡ್ಡದಾಗಿ ಎಳೆಯುವುದು, ಒಂದೊಂದೇ ಗೆರೆ ನೋಡಿಕೊಂಡು ಇಳಿಸುವುದು. ಇದು ಗೊತ್ತಿದ್ದವಳು ಹೆಂಡತಿ ಒಬ್ಬಳೇ. ಅವಳು ತೀರಿಕೊಂಡು ಆರು ವರ್ಷವಾಗಿತ್ತು. ಯಾರಾದರೂ ಕಾಗದ ಚಾಚಿದರೆ ತಾತನದು ಒಂದೇ ಮಂತ್ರ: "ಕನ್ನಡಕ ಮರ್ತು ಬಂದೆ, ನೀವೇ ಓದ್ಬಿಡಿ."

ಗುಬ್ಬಿಯೋ, ಬೀದಿಯುದ್ದಕ್ಕೂ ಬೆರಳು ತೋರಿಸಿ, "ಇದು ನಮ್ಮ ತಾತ ಬರ್ದಿದ್ದು! ಅದೂನೂ!" ಎಂದು ಸಿಕ್ಕಸಿಕ್ಕವರಿಗೆಲ್ಲ ಸಾರುವವಳು. ಲೋಕ ನಕ್ಕರೆ ನಗಲಿ, ಈ ಮಗುವಿನ ಮುಂದೆ ಮಾತ್ರ ತನ್ನ ಮುಖ ಸಣ್ಣದಾಗಬಾರದು, ಅಷ್ಟೇ ಅವನ ಆಸೆ.

ಮೇಡಂ ಕೋಣೆಯ ಬಾಗಿಲಿಗೆ ಗಾಜು ಹಾಕಿತ್ತು. ತಾತ ಹೊರಗಿನ ಬೆಂಚಿನ ಮೇಲೆ ಕೂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಒಳಗೆ ಒಂದು ಕನ್ನಡಿ, ಗಿಡ್ಡ ಮೇಜು, ಅಂಗಿಯ ಗುಂಡಿಗಳು ತುಂಬಿದ ಡಬ್ಬಿ. ಪುಸ್ತಕ? ಹುಡುಕಿದರೂ ಇಲ್ಲ! ಆಕೆ ಬಾಯಿಗೆ ರಟ್ಟು ಮರೆ ಹಿಡಿದು ಏನೋ ಹೇಳುವುದು, ಮಗು ಚಪ್ಪಾಳೆ ತಟ್ಟುವುದು, ಸದ್ದಿಗೊಂದರಂತೆ ಗುಂಡಿ ಸರಿಸುವುದು. ಪ್ರತಿ ಆಟ ಮುಗಿದಾಗಲೂ ಆಕೆ ನೋಟ್‌ಬುಕ್ಕಿನಲ್ಲಿ ಏನನ್ನೋ ಗೀಚುತ್ತಿದ್ದಳು. ಏನು ಬರೀತಾಳೆ ಇವಳು? ಯಾರ ವಿಷಯ?

ಮನೆಗೆ ಹೋಗುವಾಗ ಕೇಳಿಯೇಬಿಟ್ಟ. "ಮೇಡಂ ನನ್ನ ಬಗ್ಗೆ ಏನಾದ್ರೂ ಕೇಳಿದ್ರಾ?"

"ಹೂಂ. ತಾತ ಏನ್ ಮಾಡ್ತಾರೆ ಅಂದ್ರು. ಊರಿಗೆಲ್ಲ ಅಕ್ಷರ ಬರ್ಕೊಡ್ತಾರೆ ಅಂದೆ."

"ಅದಕ್ಕೇನಂದ್ರು?"

"ನಕ್ಕರು."

ನಕ್ಕಳಾ! ಯಾಕೆ ನಗಬೇಕು? ಆ ನಗು ಅವನ ತಲೆಯಲ್ಲಿ ಹುಳ ಬಿಟ್ಟಿತು. ಮರುದಿನ ಬೇಕರಿಯ ಬೋರ್ಡು ಬರೆಯುತ್ತ ಒಂದು ಚೌಕವನ್ನೇ ಹಾರಿಸಿಬಿಟ್ಟ; ಟರ್ಪೆಂಟೈನ್ ಹಾಕಿ ಪೂರ್ತಿ ಅಳಿಸಬೇಕಾಯಿತು.

ಮೂರನೇ ವಾರ ಮೇಡಂ ಅವನನ್ನು ಒಳಗೆ ಕರೆದಳು. ಗುಬ್ಬಿಯ ಕಾಪಿ ಪುಸ್ತಕ ತೆರೆದಿಟ್ಟಳು.

"ನೋಡಿ, ಮುತ್ತು ಪೋಣಿಸಿದ ಹಾಗಿದೆ. ಆದ್ರೆ ಇವಳು ಅಕ್ಷರಾನ ಚಿತ್ರದ ಥರ ನೋಡಿ ಇಳಿಸ್ತಾಳೆ, ಅಷ್ಟೇ. ಪಾಠ ಪೂರ್ತಿ ಬಾಯಿಪಾಠ. ಬೇರೆ ಪುಟ ಕೊಟ್ರೆ ಕಣ್ಣು ನೋಯ್ತಿದೆ ಅಂತಾಳೆ. ಕಣ್ಣು ತೋರಿಸಿದ್ದಾಯ್ತು, ಏನೂ ತೊಂದ್ರೆ ಇಲ್ಲ. ಮಾತನ್ನ ಸದ್ದು ಸದ್ದಾಗಿ ಬಿಡಿಸಿ ಕೇಳೋದು ಇವಳ ಕಿವಿಗೆ ಈಗೀಗ ಪಳಗ್ತಿದೆ. ಅದಾಗ್ದೆ ಯಾವ ಸದ್ದಿಗೆ ಯಾವ ಅಕ್ಷರ ಅಂತ ಹೇಗೆ ಗೊತ್ತಾಗತ್ತೆ? ಅದಕ್ಕೇ ಈ ಗುಂಡಿ ಆಟ."

ತಾತ ಕಾಪಿ ಪುಸ್ತಕದಿಂದ ಕಣ್ಣು ಕಿತ್ತು ಮೇಡಂ ಮುಖ ನೋಡಿದ. ಇವಳು ಹೇಳುತ್ತಿರುವುದು ಮಗುವಿನ ಕಥೆಯೋ, ನನ್ನ ಕಥೆಯೋ? ಎಲ್ಲ ಗೊತ್ತು ಇವಳಿಗೆ, ಬಾಯಿ ಬಿಡಿಸೋಕೆ ನೋಡ್ತಿದಾಳೆ!

ಮೇಡಂ ಒಂದು ಹಾಳೆ ಚಾಚಿದಳು. "ಮನೇಲಿ ಆಡಿಸೋ ಆಟ ಇದ್ರಲ್ಲಿದೆ. ಇವತ್ತೇ ಬರ್ದೆ. ಒಂದ್ಸಲ ಜೋರಾಗಿ ಓದ್ಬಿಡಿ, ಅರ್ಥ ಆಗ್ದಿದ್ರೆ ಈಗ್ಲೇ ಹೇಳ್ತೀನಿ."

ಇಟ್ಟಳಲ್ಲ ಬೋನು! "ಕನ್ನಡಕ... ಮರ್ತು ಬಂದೆ," ಎಂದ ತಾತ.

ಗುಬ್ಬಿ ಕುರ್ಚಿಯಿಂದಿಳಿದು ಹತ್ತಿರ ಬಂದಳು. ಅವಳ ಕೈ ಅವನ ಅಂಗಿಯ ಜೇಬಿನ ಮೇಲೆ ಬಿತ್ತು, ಸರಿಯಾಗಿ ಕನ್ನಡಕದ ಮೇಲೆಯೇ. ಮುಗೀತು ಕಥೆ.

ಆ ಪುಟ್ಟ ಅಂಗೈ ಜೇಬನ್ನು ಪೂರ್ತಿ ಮುಚ್ಚಿತು. "ಹೌದು ಮೇಡಂ, ನಮ್ಮ ತಾತ ಕನ್ನಡಕ ಮರ್ತು ಬಂದಿದಾರೆ. ನಾನೇ ಓದ್ತೀನಿ."

ಓದಿದಳು. ಒಂದು ಕೈ ಜೇಬಿನ ಮೇಲೆಯೇ ಇತ್ತು. ಅದರ ಬೆರಳು ಅವನ ಎದೆಯ ಮೇಲೆ ಮೆಲ್ಲಗೆ ತಟ್ಟುತ್ತಿತ್ತು. "ಒಂ... ದು. ಮಾ... ತು. ಹೇ... ಹೇ... ಳಿ." ತಡವರಿಸಿದಳು, ಹಿಂದಕ್ಕೆ ಹೋದಳು, ಮತ್ತೆ ತಟ್ಟಿದಳು. "ಚಪ್... ಪಾ... ಳೆ. ತಟ್... ಟಿ." ಅವಳು ಹಿಂದೆಂದೂ ಕಾಣದ ಹಾಳೆ ಅದು, ಬಾಯಿಪಾಠವಾಗಲು ಸಾಧ್ಯವೇ ಇರಲಿಲ್ಲ.

ಮಗು ಓದಿತಲ್ಲ ಎಂಬ ಸಂತೋಷ ತಾತನಿಗೆ ಒಂದು ಕಡೆ, ಸಂಕಟ ಇನ್ನೊಂದು ಕಡೆ. ಕಣ್ಣು ನೋಯ್ತಿದೆ ಅನ್ನುವ ಸುಳ್ಳನ್ನು ಇವಳಿಗೆ ಹೇಳಿಕೊಟ್ಟವರು ಯಾರು? ಈಗ ಅವನಿಗಾಗಿಯೂ ಸುಳ್ಳು ಹೇಳುತ್ತಿದ್ದಾಳೆ, ಅದೂ ಎಷ್ಟು ಸಲೀಸಾಗಿ! ಮೂರು ವಾರ ಆ ಮೇಡಂ ಮೇಲೆ ಕಣ್ಣಿಟ್ಟು ಕಾದನಲ್ಲ, ಮಗು ತನ್ನಿಂದಲೇ ಕಲಿಯುತ್ತಿದ್ದುದು ಕಾಣಲಿಲ್ಲವಲ್ಲ, ಎಂಥ ಮಂಕು ತಾನು!

ಅವಳ ಕೈ ಸರಿಸಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ನನಗೋಸ್ಕರ ಸುಳ್ಳು ಹೇಳ್ಬೇಡ ಕಂದಾ. ಮೇಡಂ, ಕನ್ನಡಕ ಇಲ್ಲೇ ಇದೆ. ನಂಗೆ ಓದೋಕೆ ಬರಲ್ಲ."

"ನಂಗೊತ್ತು ತಾತ," ಎಂದಳು ಗುಬ್ಬಿ. "ನೀನೂ ನನ್ನ ಹಾಗೇನೇ."

ಮೇಡಂ ನೋಟ್‌ಬುಕ್ಕಿನತ್ತ ಕೈ ಚಾಚಿದಳು. ತಾತ ತಟ್ಟನೆ ಕೇಳಿದ, "ಇದನ್ನೂ ಬರ್ಕೊಳ್ತೀರಾ?"

"ಇಲ್ಲಪ್ಪ." ಆಕೆ ಅದನ್ನು ಮುಚ್ಚಿ ಪಕ್ಕಕ್ಕಿಟ್ಟು, ಮೂಲೆಯಿಂದ ಇನ್ನೊಂದು ಗಿಡ್ಡ ಕುರ್ಚಿ ಎಳೆದಳು.

ತಾತ ಕೂತ. ಮೊಣಕಾಲು ಎದೆಗೇ ಬಂತು. ಗುಬ್ಬಿ ಡಬ್ಬಿಯಿಂದ ಐದು ಗುಂಡಿ ಆರಿಸಿ ಅವನ ಮುಂದೆ ಸಾಲಾಗಿ ಇಟ್ಟಳು. ಆಮೇಲೆ ಕನ್ನಡಕವನ್ನು ಮಡಚಿ, ಅವನ ಜೇಬಿಗೇ ವಾಪಸ್ ಹಾಕಿದಳು.

"ಇದು ಈಗ್ಲೇ ಬೇಡ ತಾತ. ಮೊದ್ಲು ಕಿವಿ."