ಅವ್ವ ಕೊಟ್ಟ ಒಂಬತ್ತು ಕಿಲೋ

“ನನ್ನ ಲಿವರ್ ಬ್ಯಾಡ ಅಂದ್ರು, ತಬಸುಮ.”

“ಯಾರಂದ್ರು?”

“ಹುಬ್ಬಳ್ಳಿ ಡಾಕ್ಟರ್. ಅವ್ವಗ ಕೊಡಾಕ ಬರಂಗಿಲ್ಲಂತ. ಕೊಬ್ಬು ತುಂಬೈತಂತ.”

“ಮೊದಲ ಚೆಕ್ ಮಾಡಿದಾಗ ಛಲೋ ಐತಿ ಅಂದಿದ್ರಲ್ಲ?”

“ಅದು ಮೂರು ತಿಂಗಳ ಹಿಂದಿನ ಮಾತು. ಆವಾಗ ನಾ ಎಪ್ಪತ್ನಾಕು ಕಿಲೋ ಇದ್ದೆ. ಈಗ ಎಂಬತ್ಮೂರು.”

ಹೀಗೆ ಶುರು ಮಾಡಬಹುದೇ? ಕೆರೂರ ಬಸ್ ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿಯಿಂದ ಇಳಕಲ್ಲಿಗೆ ಹೊರಟ ಬಸ್ಸು ನಿಂತಿದೆ. ಕಿಟಕಿ ಪಕ್ಕ ಶಿವಗಂಗಾ, ಕಿವಿಯಲ್ಲಿ ಫೋನು, ತೊಡೆಯ ಮೇಲೆ ದವಾಖಾನೆಯ ಫೈಲು. ಆದರೆ ಮೊದಲ ಸಾಲಿಗೇ ಲಿವರ್ ತಂದಿಟ್ಟರೆ ನೀವು ಸ್ಕ್ರಾಲ್ ಮಾಡಿಕೊಂಡು ಮುಂದೆ ಹೋಗುತ್ತೀರಿ. ಬೇರೆ ಬಗೆಯಲ್ಲಿ ನೋಡೋಣ.

೧. (ಕೈಬಿಟ್ಟದ್ದು)

ಇಳಕಲ್ಲಿನ ಒಂದು ಮುಂಜಾವು. ಕನ್ನಡಿಯ ಮುಂದೆ ನಿಂತ ದಪ್ಪ ಹುಡುಗಿ ನಿಟ್ಟುಸಿರುಬಿಟ್ಟಳು…

ಇಷ್ಟು ಬರೆಯುವಷ್ಟರಲ್ಲೇ ಕತೆಯೊಳಗಿನ ಶಿವಗಂಗಾ ನನ್ನನ್ನು ತಡೆದಳು.

“ಕನ್ನಡಿ ಯಾಕ?”

“ತೂಕ ಇಳಸೋ ಕತಿ ಅಕ್ಕಾ. ಕನ್ನಡಿ ಇರಬೇಕಲ್ಲ.”

“ಎಂಬತ್ಮೂರು ಆದಮ್ಯಾಲೂ ನನಗ ಕನ್ನಡಿ ಜೋಡಿ ಜಗಳಿಲ್ಲ. ಅಳಸು.”

ಅಳಿಸಿದೆ. ನಾನು ಬರೆದ ಒಂದೇ ಸಾಹಿತ್ಯಿಕ ವಾಕ್ಯ ಅದಾಗಿತ್ತು.

೨.

ಸರಿ, ಇದ್ದದ್ದನ್ನು ಇದ್ದ ಹಾಗೆ. ಸಿದ್ದವ್ವ ಶಿವಗಂಗಾಳ ತಾಯಿ. ಐವತ್ತೆರಡು ವರ್ಷ. ಎರಡು ವರ್ಷದಿಂದ ಲಿವರ್ ಕೆಡುತ್ತಾ ಬಂದಿದೆ. (ಚಹಾ ಬಿಟ್ಟು ಬೇರೇನೂ ಕುಡಿದವಳಲ್ಲ. ಓಣಿಯವರು ಮಾತ್ರ ಕೇಳುವುದನ್ನು ಬಿಟ್ಟಿಲ್ಲ.) ಮಗಳ ಲಿವರಿನ ಒಂದು ಭಾಗ ಹೊಂದುತ್ತದೆ ಎಂದು ಗೊತ್ತಾಯಿತು. ಆಮೇಲೆ ಆ ಸರ್ಟಿಫಿಕೇಟು, ಈ ಸಹಿ, ಕಮಿಟಿ ಎಂದು ಮೂರು ತಿಂಗಳು ಹೋದವು.

ಆ ಮೂರು ತಿಂಗಳು ಸಿದ್ದವ್ವ ಏನು ಮಾಡಿದಳು? ಅಂಟಿನ ಉಂಡಿ ಮಾಡಿದಳು.

“ನನ್ನ ಸಲುವಾಗಿ ಹೊಟ್ಟಿ ಕೊಯ್ಸಿಕೊಳ್ಳಾಕಿ. ಬಾಣಂತಿಗೆ ಮಾಡಿದಂಗ ಮಾಡಬೇಕು” ಎಂದು ಬಾತ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಒಲೆಯ ಮುಂದೆ ಕೂತಳು. ತುಪ್ಪದಲ್ಲಿ ಅಂಟು ಅರಳಿಸಿದಳು, ಉತ್ತತ್ತಿ ಕುಟ್ಟಿದಳು, ಒಣಕೊಬ್ಬರಿ ಹೆರೆದಳು. ಮುಂಜಾನೆ ಎರಡು, ಸಂಜೆ ಎರಡು, ಜೊತೆಗೆ ಒಂದು ಲೋಟ ಹಾಲು. ಉಂಡಿ ಕಟ್ಟುವ ಆ ಕೈ ಎಷ್ಟು ಸೊರಗಿತ್ತೆಂದರೆ ಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ಅಂಥ ಕೈ ಚಾಚಿದ್ದನ್ನು ಬೇಡ ಎನ್ನಲು ಶಿವಗಂಗಾಳಿಗೆ ಬಾಯಿ ಬರಲಿಲ್ಲ.

(ಒಟ್ಟು ಎಷ್ಟು ಉಂಡಿ ಎಂದು ಇಲ್ಲೊಂದು ಜೋಕು ಮಾಡುವವನಿದ್ದೆ. ಮನಸ್ಸಾಗಲಿಲ್ಲ.)

೩.

ಡಾಕ್ಟರು ಕೊಟ್ಟ ಗಡುವು ಎರಡು ತಿಂಗಳು. ಒಂಬತ್ತು ಕಿಲೋ ಇಳಿಸಿಕೊಂಡು ಬಂದರೆ ಮತ್ತೊಮ್ಮೆ ಸ್ಕ್ಯಾನ್.

“ಅಲ್ಲೀತನ ಅವ್ವ ತಡೀತಾಳೇನ್ರಿ?” ಎಂದು ಶಿವಗಂಗಾ ಕೇಳಿದ್ದಳು. ಅವರು ಪೆನ್ನಿನ ಮುಚ್ಚಳ ಹಾಕಿ, “ನೋಡೋಣ” ಎಂದಿದ್ದರು.

ತಬಸುಮ ಇವಳ ಹೈಸ್ಕೂಲಿನ ಗೆಳತಿ. ಈಗ ಇಳಕಲ್ಲಿನಲ್ಲಿ ಸೀರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಹೆಂಗಸರಿಗೆ ಜಿಮ್ ನಡೆಸುತ್ತಾಳೆ. ಕರೆದರೆ ಪರ್ಸನಲ್ ಟ್ರೇನರ್ ಆಗಿ ಮನೆಗೂ ಬರುತ್ತಾಳೆ.

“ನನಗ ನೀನ ಟ್ರೇನರ್ ಆಗು. ಅವ್ವಗ ಮಾತ್ರ ಗೊತ್ತಾಗಬಾರದು. ಕಂಪ್ಯೂಟರ್ ಕ್ಲಾಸಿಗೆ ಹೋಗ್ತೇನಿ ಅಂತ ಹೇಳ್ತೇನಿ” ಎಂದಳು ಶಿವಗಂಗಾ ಫೋನಿನಲ್ಲಿ.

“ಮತ್ತ ದಿನಾ ನಾಕು ಉಂಡಿ?”

“ತಿಂದಂಗ ಮಾಡಿ ಚೀಲದಾಗ ಹಾಕ್ಕೋತೇನಿ.”

“ನಿಮ್ಮವ್ವ ಬಾಯಿ ನೋಡ್ಕೋತ ಕುಂದರತಾಳ, ಹುಚ್ಚಿ. ನಾ ಉಂಡಿಲ್ಲೇನು ನಿಮ್ಮ ಮನ್ಯಾಗ? ಆಕಿ ಸಾಕು ಅನ್ನೂತನಕ ಏಳಾಕ ಬಿಟ್ಟಿಲ್ಲ ನನ್ನ.”

ಶಿವಗಂಗಾಳಿಗೆ ನಗು ಬಂತು. ಮುಂದಿನ ಸೀಟಿನ ಅಜ್ಜ ತಿರುಗಿ ನೋಡಿದ.

“ಖರೆ ಹೇಳ್ತೇನಿ ಗಂಗಾ. ನಾ ಓಡಸ್ತೇನಿ, ಎತ್ತಸ್ತೇನಿ, ಬೈತೇನಿ. ಅಡಗಿಮನಿ ನನ್ನ ಕೈಯಾಗಿಲ್ಲ. ಎರಡ ತಿಂಗಳದಾಗ ಒಂಬತ್ತು ಕಿಲೋ ಅಂದ್ರ ಒಂದು ಉಂಡಿನೂ ನಡ್ಯಂಗಿಲ್ಲ. ಅವ್ವಗ ಹೇಳು, ನಾ ಬರ್ತೇನಿ. ಹೇಳಂಗಿಲ್ಲ ಅಂದ್ರ ಬ್ಯಾರೆ ಯಾರನ್ನರ ನೋಡ್ಕೊ.”

“ಏನಂತ ಹೇಳ್ಲಿ? ನೀ ಮಾಡಿದ್ದ ಉಂಡಿನ ನಿನ್ನ ಜೀವಕ್ಕ ಅಡ್ಡ ಬಂತು ಅಂತ ಹೇಳ್ಲೇನು?”

ಬಸ್ಸು ಕೆರೂರ ಬಿಟ್ಟಿತು.

೪.

ಬಾಗಲಕೋಟೆ ದಾಟಿ ಹುನಗುಂದದ ತನಕ ಶಿವಗಂಗಾ ಫೈಲನ್ನು ತೆರೆಯುತ್ತ ಮುಚ್ಚುತ್ತ ಕೂತಿದ್ದಳು. ಖಾಲಿ ಕೂರುವುದೇಕೆಂದು ನಾನು ಮುಕ್ತಾಯಗಳನ್ನು ಬರೆಯತೊಡಗಿದೆ.

ಮುಕ್ತಾಯ ಅ: ಅವ್ವನಿಗೆ ಹೇಳುವುದಿಲ್ಲ. ಕದ್ದು ಜಿಮ್ಮಿಗೆ ಹೋಗುತ್ತಾಳೆ. ಮಗಳು ಸೊರಗುತ್ತಿದ್ದಾಳೆಂದು ಸಿದ್ದವ್ವ ನಾಲ್ಕು ಉಂಡಿಯನ್ನು ಆರು ಮಾಡುತ್ತಾಳೆ.

“ಹಂಗ ಆಗೂದು” ಎಂದಳು ಶಿವಗಂಗಾ.

ಮುಕ್ತಾಯ ಆ: ಹೇಳುತ್ತಾಳೆ. ಸಿದ್ದವ್ವ ಒಲೆ ಆರಿಸಿ, ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾಳೆ. ಆಮೇಲೆ ಯಾರ ಲಿವರೂ ಬೇಡ ಎನ್ನುತ್ತಾಳೆ.

“ಮುಂದಿಂದು ಬರಿ” ಎಂದಳು ಶಿವಗಂಗಾ.

ಮುಕ್ತಾಯ ಇ: ಎರಡು ತಿಂಗಳು ಕಳೆದವು. ಒಂಬತ್ತು ಕಿಲೋ ಹೋಯಿತು. ಸ್ಕ್ಯಾನ್ ಸ್ವಚ್ಛ. ಆಪರೇಷನ್ ಆಯಿತು. ತಾಯಿ ಮಗಳು ಬನಶಂಕರಿ ಗುಡಿಗೆ ಹೋಗಿ ಬಂದರು. (ನೋಡಿ, ಎಷ್ಟು ಸಲೀಸು. ಎರಡು ನಿಮಿಷವೂ ಹಿಡಿಯಲಿಲ್ಲ.)

ಇದನ್ನು ಅವಳು ಎರಡು ಸಲ ಓದಿದಳು.

“ಆ ಎರಡ ತಿಂಗಳು ಅವ್ವಗ ಯಾರು ಕೊಟ್ರು?”

ಅದನ್ನೂ ಅಳಿಸಿದೆ.

೫.

ಇಳಕಲ್ಲಿನಲ್ಲಿ ಇಳಿಯುವಾಗ ತಬಸುಮಳ ಫೋನು ಬಂತು.

“ನಾಳಿ ಮುಂಜಾನಿ ಆರಕ್ಕ ನಾನ ನಿಮ್ಮ ಮನಿಗೆ ಬರ್ತೇನಿ. ನೀ ಹೇಳಿದ್ರ ಅವತ್ತಿಂದನ ಶುರು. ಹೇಳಿದ್ದಿಲ್ಲ ಅಂದ್ರ ಚಾ ಕುಡದು ಹೋಗ್ತೇನಿ. ಬೈಯೂದಿಲ್ಲ.”

ಬೈದಿದ್ದರೇ ಚೆನ್ನಾಗಿತ್ತು ಅನಿಸಿತು ಶಿವಗಂಗಾಳಿಗೆ.

ಸಿದ್ದವ್ವ ಹೊಸ್ತಿಲಲ್ಲೇ ಕೂತಿದ್ದಳು. ಇಳಿಬಿಸಿಲಿಗೆ ಮುಖದ ಹಳದಿ ಇನ್ನಷ್ಟು ಕಾಣುತ್ತಿತ್ತು.

“ಏನಂದ್ರವ್ವಾ?”

“ಸ್ವಲ್ಪ ತಡಾ ಆಗತೈತಂತ.”

“ಆಗವಲ್ದ್ಯಾಕ, ಆಗ್ಲಿ ಬಿಡು. ನಿನಗ ಇನ್ನಷ್ಟ ಶಕ್ತಿ ಬರತೈತಿ.”

(ಈ ಮಾತನ್ನು ನಾನು ಬರೆಯಲಿಲ್ಲ. ಸಿದ್ದವ್ವನೇ ಅಂದಳು.)

“ಯವ್ವಾ, ನಾಳಿ ತಬಸುಮ ಬರಾಕತ್ತಾಳ. ಮುಂಜಾನಿ ಆರಕ್ಕ.”

“ಅಷ್ಟ ಲಗೂ? ಯಾಕಂತ?”

ಇಲ್ಲಿ ನಾನು ಶಿವಗಂಗಾಳಿಗೆಂದು ಜಾಗ ಬಿಟ್ಟೆ. ಒಂದು ಸಾಲು. ಆಮೇಲೆ ಮೂರು ಸಾಲು.

 

 

 

ಸಿದ್ದವ್ವ ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಉಂಡಿ ಡಬ್ಬಿಯ ಮುಚ್ಚಳ ತೆರೆದ ಸದ್ದು.

“ತಳಾ ಕಂಡೈತಲ್ಲೇ. ಬರಾಕಿ ಕೈಯಾಗ ಏನಿಡೂದು? ಚಪ್ಪಲಿ ಬಿಡಬ್ಯಾಡ, ಅಂಟು ತಗೊಂಬಾ ಹೋಗು. ಅಂಗಡಿ ತಗದಿರತೈತಿ.”

ಒಂದು ಕಾಲಿನ ಚಪ್ಪಲಿ ಬಿಟ್ಟಾಗಿತ್ತು. ಇನ್ನೊಂದು ಕಾಲಿನಲ್ಲಿತ್ತು. ಶಿವಗಂಗಾ ನನ್ನ ಕಡೆ ತಿರುಗಿದಳು.

“ನೀನ ಬರಿ. ಆಕಿಗೆ ಹೆಂಗ ಹೇಳಬೇಕು ಅನ್ನೂದು ನೀನ ಬರಿ. ಯಾರೂ ಕೇಳದ ಮುಕ್ತಾಯ ಮೂರು ಬರದ್ಯಲ್ಲ.”

ಬರೆದೆ, ಅಳಿಸಿದೆ. ಮತ್ತೆ ಬರೆದೆ. ನಿಮಗೇನಾದರೂ ಹೊಳೆದರೆ ಹೇಳಿ, ನನ್ನಿಂದಾಗುತ್ತಿಲ್ಲ. ಅವಳು ಒಂದೇ ಚಪ್ಪಲಿಯಲ್ಲಿ ನಿಂತಿದ್ದಾಳೆ.

ಒಳಗಿನಿಂದ ಅವ್ವ ಕೂಗುತ್ತಿದ್ದಾಳೆ.

“ಆರಕ್ಕ ಅಂದ್ರ ಆರಕ್ಕ ಬರಾಕಿ ಆಕಿ. ಲಗೂನ ಹೋಗಿ ಬಾರವ್ವಾ.”