ನೂಲು ಕಡಿದ ಹಲ್ಲು

"ಇವು ನನ್ನ ಹಲ್ಲಲ್ಲ" ಎಂದು ಅಜ್ಜಿ ಎಷ್ಟು ಬಡಕೊಂಡರೂ ಆರೈಕೆ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೊದಲು ನಕ್ಕರು, ಆಮೇಲೆ ಸಮಾಧಾನ ಹೇಳಿದರು, ಕೊನೆಗೆ ಮರೆವಿನ ಕಾಯಿಲೆ ಎಂದು ತೀರ್ಮಾನಿಸಿಬಿಟ್ಟರು. ಕಟ್ಟಿಸಿದ ಹಲ್ಲು ಸಡಿಲವಾಗಿ ಬಾಯೊಳಗೆ ಓಡಾಡುತ್ತಿದ್ದುದರಿಂದ ಅಜ್ಜಿ ಊಟಕ್ಕೆ ಕೂತರೆ ಕೆಮ್ಮುತ್ತಿದ್ದಳು. ಕೆಮ್ಮಿದಳೆಂದು ಎಲ್ಲವನ್ನೂ ನುಣ್ಣಗೆ ಅರೆದು, ರೂಮಿನಲ್ಲೇ ಕೂರಿಸಿ ಚಮಚದಲ್ಲಿ ತಿನ್ನಿಸತೊಡಗಿದರು. ಅಜ್ಜಿ ಒಂದು ದಿನ ಆ ಚಮಚವನ್ನೇ ಕಿತ್ತು ಕಿಟಕಿಯಾಚೆ ಎಸೆದಳು. ಅದೂ ಕಾಯಿಲೆಯ ಖಾತೆಗೇ ಸೇರಿತು.

ನಾಳೆ ಅವಳನ್ನು ಮೇಲಿನ ಮಹಡಿಗೆ ಸಾಗಿಸುವುದೆಂದು ಮಾತಾಗಿತ್ತು. ಆ ಮಹಡಿಯ ಬಾಗಿಲಿಗೆ ಚಿಲಕ ಇರುವುದು ಹೊರಗಡೆ. ಸೂಜಿ, ಕತ್ತರಿ ಏನನ್ನೂ ಅಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಹೊಲಿಗೆ ಯಂತ್ರ ತುಳಿದು ತುಳಿದೇ ಮಕ್ಕಳನ್ನು ದಡ ಮುಟ್ಟಿಸಿದ ಹೆಂಗಸಿನ ಕೈಯಿಂದ ಸೂಜಿ ಕಸಿದುಕೊಂಡು ಬಾಗಿಲು ಹಾಕಿಬಿಟ್ಟರೆ ಮತ್ತೆ ಉಳಿಯುವುದೇನು? ಮಗರಾಯ ಮಾತ್ರ ಒಪ್ಪಿಗೆ ಕೊಟ್ಟು ಕೈ ತೊಳೆದುಕೊಂಡಿದ್ದ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮೊಮ್ಮಗಳು, "ರಜೆ ದಿನ ಅಲ್ಲಿರೋರನ್ನೆಲ್ಲ ಕೆರೆ ಹತ್ರ ಕರ್ಕೊಂಡು ಹೋಗ್ತಾರಂತೆ ಅಪ್ಪ, ನಾನೂ ಹೋಗಿ ನೋಡ್ಕೊಂಡು ಬರ್ತೀನಿ. ಅಲ್ಲೀವರೆಗೂ ತಡಿ" ಎಂದಿದ್ದಳು. ಹಾಗಂತ ಅವಳಿಗೂ ಅಜ್ಜಿಯ ಮಾತಿನಲ್ಲಿ ನಂಬಿಕೆಯಿತ್ತೆಂದಲ್ಲ. ಬಾಗಿಲು ಹಾಕುವ ಮೊದಲು ಒಂದು ದಿನ ಗಾಳಿ ಕುಡಿಯಲಿ ಎಂಬ ಆಸೆ, ಅಷ್ಟೆ.

ಇವತ್ತು ಕೆರೆಗೆ ಹೊರಟ ವ್ಯಾನಿನಲ್ಲಿ ಅಜ್ಜಿ ಅದೇ ರಾಗ ಎಳೆದಳು. "ರಾತ್ರಿ ಎಲ್ಲರ ಹಲ್ಲನ್ನೂ ಒಂದೇ ಬಕೆಟ್ಟಿಗೆ ಸುರ್ಕೊಂಡು ತೊಳೀತಾರೆ ಕಣೇ ಪುಟ್ಟಿ. ನನ್ನ ಹಲ್ಲಲ್ಲಿ ನೂಲಿನ ಕಚ್ಚು ಇತ್ತು. ಇದ್ರಲ್ಲಿ ಎಲ್ಲಿದೆ ತೋರ್ಸು!"

ಮುಂದಿನ ಸೀಟಿನಿಂದ ಮೇಲ್ವಿಚಾರಕಿ ತಿರುಗಿದಳು. ಬಿಳಿ ಕೋಟು, ಜೇನು ಸುರಿಯುವ ದನಿ. "ಅದು ಅಜ್ಜಿಯ ಅಸಲಿ ಹಲ್ಲಿನ ನೆನಪು. ಹಳೇದು ಹೊಸದು ಎಲ್ಲಾ ಕಲಸಿ ಹೋಗಿದೆ, ಪಾಪ" ಎಂದಳು.

ಮೊಮ್ಮಗಳಿಗೆ ಇದು ಸರಿಯೆನಿಸಿತು. ನೂಲನ್ನು ಹಲ್ಲಿನಲ್ಲೇ ಕಡಿದು ಕಡಿದು ಅಜ್ಜಿಯ ಮುಂದಿನ ಹಲ್ಲಿಗೆ ಕಚ್ಚು ಬಿದ್ದದ್ದನ್ನು ಅವಳು ಚಿಕ್ಕಂದಿನಲ್ಲಿ ಬೆರಳಿಟ್ಟು ನೋಡಿದ್ದಳು. ಆದರೆ ಆ ಹಲ್ಲು ಉದುರಿ ಎಷ್ಟೋ ಕಾಲವಾಗಿತ್ತಲ್ಲ.

"ನಿನ್ನ ಕೋಟಿನ ಗುಂಡಿ ಜೋತು ಬಿದ್ದಿದೆ. ಮೊದ್ಲು ಅದನ್ನ ನೋಡ್ಕೋ" ಎಂದು ಅಜ್ಜಿ ಮೇಲ್ವಿಚಾರಕಿಗೆ ಮುಖ ಮುರಿದಳು.

ಕೆರೆಯ ದಂಡೆಯ ಮೇಲೆ ಮರಗಳ ನೆರಳಿತ್ತು. ಹೆಂಗಸರು, ಗಂಡಸರನ್ನೆಲ್ಲ ಒಂದೇ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸಿದರು. ಆರೈಕೆ ಮನೆಯಲ್ಲಿ ಗಂಡಸರ ಕಡೆಯೇ ಬೇರೆ. ಅಜ್ಜಿಯಂತೂ ರೂಮು ಬಿಟ್ಟು ಊಟದ ಮನೆಯ ಮುಖ ಕಂಡು ಎಷ್ಟು ದಿನವಾಗಿತ್ತೋ. ಅವಳ ಪಕ್ಕಕ್ಕೆ ನಿವೃತ್ತ ಮೇಷ್ಟ್ರು ಬಂದು ಕೂತರು. ತುಟಿ ಬಿಗಿದುಕೊಂಡು ಕೂತಿದ್ದ ಅವರನ್ನು ತೋರಿಸಿ ಮೇಲ್ವಿಚಾರಕಿ, "ಮೊದಲು ಇವ್ರ ಮಾತು ಕೇಳಿ ಕೇಳಿ ತಲೆ ಚಿಟ್ಟು ಹಿಡಿದುಹೋಗ್ತಿತ್ತು. ಈಗ ನೋಡಿ, ಎಷ್ಟು ಚೆನ್ನಾಗಿ ಹೊಂದ್ಕೊಂಡಿದ್ದಾರೆ" ಎಂದು ಮೆಚ್ಚಿಕೊಂಡಳು.

ಮನೆಯವರಿಗೆ ಕಳಿಸಲು ಫೋಟೋ ಬೇಕಿತ್ತು. ಮೇಲ್ವಿಚಾರಕಿ ಮೊಮ್ಮಗಳ ಕೈಗೆ ತನ್ನ ಫೋನು ಕೊಟ್ಟಳು. "ಎಲ್ಲರೂ ನಗ್ಬೇಕು! ಮೇಷ್ಟ್ರೇ, ನೀವೂ!"

ಮೇಷ್ಟ್ರು ಕಷ್ಟಪಟ್ಟು ಬಾಯಿ ತೆರೆದರು. ಮೊಮ್ಮಗಳು ಗುಂಡಿ ಒತ್ತಿದಳು. ಅಜ್ಜಿ ಮಾತ್ರ ಫೋನಿನ ಕಡೆ ನೋಡಲೇ ಇಲ್ಲ.

"ಅಲ್ಲಿದೆ ನನ್ನ ಹಲ್ಲು!" ಎಂದು ಕೂಗಿ ಮೇಷ್ಟ್ರ ಬಾಯಿಗೆ ಬೆರಳು ತೋರಿಸಿದಳು.

ಸಾಲಿನಲ್ಲಿ ಯಾರೋ ಲೊಚಗುಟ್ಟಿದರು. ಮೇಲ್ವಿಚಾರಕಿ ಮೊಮ್ಮಗಳ ಹತ್ತಿರ ಬಂದು, "ಈಗ ಕಣ್ಣಾರೆ ಕಂಡ್ರಲ್ಲ? ನಾಳೆ ತಡ ಮಾಡೋದು ಬೇಡ" ಎಂದಳು.

ಮೊಮ್ಮಗಳ ಕಣ್ಣು ತುಂಬಿ ಬಂತು. ಅದನ್ನು ಮರೆಮಾಚಲು ತಲೆ ತಗ್ಗಿಸಿದವಳು ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿದಳು. ಮೇಷ್ಟ್ರ ಮೇಲಿನ ಸಾಲಿನ ಮುಂದಿನ ಹಲ್ಲಿನ ಅಂಚಿನಲ್ಲಿ ನೂಲು ಕೂರುವಷ್ಟೇ ಸಣ್ಣ ಕಚ್ಚು ಕಾಣಿಸಿತು. ಕಟ್ಟಿಸಿದ ಹಲ್ಲಿನಲ್ಲೂ ಅಜ್ಜಿ ತನ್ನ ಚಾಳಿ ಬಿಟ್ಟಿರಲಿಲ್ಲ! ಇಷ್ಟು ದಿನ ಅಜ್ಜಿ ಬಾಯಿಬಿಟ್ಟು ನಿಜ ಹೇಳಿದ್ದಳು. ತಾನೂ ಎಲ್ಲರ ಜೊತೆ ಸೇರಿ ಅವಳ ತಲೆ ಸವರಿ ಸುಮ್ಮನಾಗಿಸಿದ್ದೆ ಎಂದು ಮೊಮ್ಮಗಳಿಗೆ ನಾಚಿಕೆಯಾಯಿತು.

"ಮೇಷ್ಟ್ರೇ, ಆ ಹಲ್ಲು ಒಂಚೂರು ತೆಗೀರಿ" ಎಂದಳು.

"ಏನಿದು ಅಸಹ್ಯ!" ಎಂದು ಮೇಲ್ವಿಚಾರಕಿ ಅಡ್ಡ ಬಂದಳು. ಮೊಮ್ಮಗಳು ಅವಳಿಗೆ ಸೊಪ್ಪು ಹಾಕಲಿಲ್ಲ. ಮೇಷ್ಟ್ರು ಎಳೆದಾಡಿ ಹಲ್ಲು ಕಿತ್ತುಕೊಟ್ಟು, ದವಡೆ ನೀವಿಕೊಂಡು ಉಸಿರುಬಿಟ್ಟರು. ಅಜ್ಜಿಯೂ ತನ್ನ ಬಾಯಲ್ಲಿದ್ದುದನ್ನು ತೆಗೆದುಕೊಟ್ಟಳು. ಬಾಟಲಿ ನೀರಿನಲ್ಲಿ ಎರಡನ್ನೂ ತಿಕ್ಕಿ ತೊಳೆದು ಅದಲು ಬದಲು ಮಾಡಿದ್ದೇ ತಡ, ಅಜ್ಜಿಯ ಕೆನ್ನೆ ಮತ್ತೆ ಅಜ್ಜಿಯ ಕೆನ್ನೆಯಾಯಿತು.

"ಮೇಷ್ಟ್ರೇ, ನೀವ್ಯಾಕೆ ಯಾರಿಗೂ ಹೇಳ್ಲಿಲ್ಲ?" ಮೊಮ್ಮಗಳು ಕೇಳಿದಳು.

"ಹೇಳಿದವ್ರನ್ನ ಮೇಲಿನ ಮಹಡಿಗೆ ಕಳಿಸ್ತಾರೆ ಅಂತ ಗೊತ್ತಾಯ್ತಲ್ಲಮ್ಮ" ಎಂದರು ಮೇಷ್ಟ್ರು. "ಅದಕ್ಕೇ ಬಾಯಿ ಮುಚ್ಕೊಂಡು ಕೂತೆ. ಎಲ್ಲರೂ ಹೊಗಳಿದ್ರು."

ಸಾಲಿನ ಕೊನೆಯ ಕುರ್ಚಿಯ ಮುದುಕಿ ಮೆಲ್ಲನೆ ಬಾಯಿಗೆ ಕೈಹಾಕಿ, "ಹಾಗಾದ್ರೆ ಇದು ನಂದೇನಾ?" ಎಂದಳು. ಅವಳ ಪಕ್ಕದವನೂ ಹಲ್ಲು ತೆಗೆದು ಬಿಸಿಲಿಗೆ ಹಿಡಿದ. ನೋಡನೋಡುತ್ತ ಊಟಕ್ಕೆಂದು ಹಾಸಿದ್ದ ಬಟ್ಟೆಯ ಮೇಲೆ ಹಲ್ಲಿನ ಸೆಟ್ಟುಗಳ ಸಂತೆಯೇ ನೆರೆಯಿತು. ಬೊಚ್ಚುಬಾಯಲ್ಲಿ ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು.

"ಇದನ್ನೆಲ್ಲ ವಾಪಸ್ ಹೋದ್ಮೇಲೆ ನೋಡೋಣ" ಎಂದಳು ಮೇಲ್ವಿಚಾರಕಿ. ಅವಳ ದನಿಯ ಜೇನು ಆರಿಹೋಗಿತ್ತು.

"ಇಲ್ಲಿ ಬಾ" ಎಂದಳು ಅಜ್ಜಿ. ಚೀಲದಿಂದ ಸೂಜಿ ನೂಲು ತೆಗೆದಾಗಿತ್ತು. "ಬಾಗು. ಅಲ್ಲಾಡ್ಬೇಡ, ಚುಚ್ಚೀತು."

ಎಲ್ಲರ ಕಣ್ಣೂ ತನ್ನ ಮೇಲಿರುವಾಗ ಮೇಲ್ವಿಚಾರಕಿ ಏನು ತಾನೇ ಮಾಡಿಯಾಳು? ಬಾಗಿದಳು. ಅಜ್ಜಿ ಜೋತುಬಿದ್ದ ಗುಂಡಿಯನ್ನು ಚಕಚಕನೆ ಹೊಲಿದು, ಗಂಟು ಹಾಕಿ, ಅವಳ ಎದೆಯ ಹತ್ತಿರಕ್ಕೇ ಮುಖ ತಂದು ನೂಲನ್ನು ಕಚ್ಚಿಗೆ ಸಿಕ್ಕಿಸಿ ಟಕ್ಕನೆ ಕಡಿದಳು.

"ಈಗ ಹೇಳು, ನಾಳೆ ಯಾರು ಮೇಲಕ್ಕೆ ಹೋಗ್ತಾರೆ?"

ಮೇಲ್ವಿಚಾರಕಿ ಹುಳ್ಳಗೆ ನಕ್ಕು, "ಯಾರೂ ಇಲ್ಲ ಅಜ್ಜಿ" ಎಂದಳು.

"ಜೋರಾಗಿ ಹೇಳು. ಮೇಷ್ಟ್ರಿಗೂ ಕೇಳಿಸ್ಲಿ."

ಹೇಳಿದಳು. ಮೊಮ್ಮಗಳು ದಂಡೆಯ ಅಂಗಡಿಗೆ ಓಡಿ ಹುರಿದ ಕಡಲೆಕಾಯಿಯ ಪೊಟ್ಟಣ ತಂದಳು. ಅಷ್ಟರಲ್ಲಿ ಅಪ್ಪನ ಫೋನು ಬಂತು. ಅವಳು ಫೋನನ್ನು ಅಜ್ಜಿಯ ಬಾಯಿಯ ಹತ್ತಿರ ಹಿಡಿದಳು.

"ಏನದು ಕಟಕಟ ಸದ್ದು?" ಅಪ್ಪ ಗಾಬರಿಯಿಂದ ಕೇಳಿದ.

"ನಿಮ್ಮಮ್ಮ ತಿಂತಿರೋ ಸದ್ದು ಕಣೋ" ಎಂದಳು ಅಜ್ಜಿ, ಇನ್ನೊಂದು ಕಾಳು ಬಾಯಿಗೆ ಎಸೆದುಕೊಳ್ಳುತ್ತ. "ಫೋನ್ ಇಡ್ಬೇಡ. ಪೊಟ್ಟಣ ಮುಗಿಯೋವರೆಗೂ ಕೇಳಿಸ್ಕೋ."