ಈ ವಾರದ ಎದುರಾಳಿ

ಯೋಗೀಶನ ಬೂಟು ಎರಡನೆಯ ಸಲವೂ ಅದೇ ಜಾಗಕ್ಕೆ, ಎಡ ಪಾದದ ಗಂಟಿಗೆ, ಬಂದು ಬಡಿದಾಗ ನಾಗು ಕೂಗಲಿಲ್ಲ. ಮೊದಲು ಚೆಂಡು ಎಲ್ಲಿದೆಯೆಂದು ನೋಡಿದ. ಎರಡು ಮಾರು ದೂರದಲ್ಲಿತ್ತು. ಅಂದರೆ ಯೋಗೀಶ ಚೆಂಡಿಗೆಂದು ಬಂದವನೇ ಅಲ್ಲ. ಆಮೇಲೆ ಮರಳಿನ ಮೇಲೆ ಮುಖ ಅಡಿಯಾಗಿ ಬಿದ್ದು, ಸೀಟಿ ಊದುತ್ತಾರೆಂದು ಕಾದ. ಯಾರೂ ಊದಲಿಲ್ಲ.

"ಏಳಾ ಅನೂಪ," ಎಂದ ಯೋಗೀಶ, ಮೇಲೆ ನಿಂತುಕೊಂಡೇ. "ಬೈಂದೂರಗೆ ನಿಮ್ಗೆ ಬೀಳುಕ್ ಮಾತ್ರ ಕಲ್ಸುದಾ?"

ನಾಗು ಬಾಯಿಯ ಮರಳು ಉಗಿದ. "ಬಾಲ್ ಆಚಿಗಿತ್ತ್."

"ನಂಗ್ ಕಂಡದ್ ನೀ ಒಬ್ನೇ."

ಗೆರೆಯ ಆಚೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ, ಕೋಚ್ ಗುಣಪಾಲ ಸೀಟಿಯನ್ನು ತುಟಿಯಲ್ಲಿ ಕಚ್ಚಿಕೊಂಡು ಕೂತಿದ್ದ. ಬ್ರಹ್ಮಾವರದವನಾದರೂ ಹದಿನೆಂಟು ವರ್ಷ ಮುಂಬಯಿಯ ಒಂದು ಬ್ಯಾಂಕಿನ ಟೀಮಿಗೆ ಆಡಿ ಬಂದವ. ಅಭ್ಯಾಸದ ಆಟದಲ್ಲಿ ರಿಸರ್ವ್ ಟೀಮಿನವನಿಗೆ ಏಟು ಬಿದ್ದರೆ ಅವನ ಲೆಕ್ಕದಲ್ಲಿ ಅದು ಫೌಲೇ ಅಲ್ಲ. "ಚಾಲೂ, ಚಾಲೂ," ಎಂದು ಕೈಯಾಡಿಸಿದ.

ಕೋಡಿಯ ಐಸ್ ಪ್ಲಾಂಟಿನ ಹಿಂದಿನ ಮೈದಾನ ಅದು. ಎರಡು ಸಾವಿರದ ಒಂಬತ್ತನೆಯ ಇಸವಿಯ ಮೇ ತಿಂಗಳು, ಶುಕ್ರವಾರ, ಸಂಜೆ ನಾಲ್ಕೂವರೆ. ಭಾನುವಾರ ಬ್ರಹ್ಮಾವರದಲ್ಲಿ ಕುಂದಾಪುರದ ಅಳಿವೆ ಯುನೈಟೆಡ್ಡಿಗೂ ಬೈಂದೂರು ಬ್ರದರ್ಸಿಗೂ ಫೈನಲ್. ಬ್ರದರ್ಸಿನಲ್ಲಿ ಗೋಲು ಹೊಡೆಯುವವನ ಹೆಸರು ಅನೂಪ. ಎಡಗಾಲಿನವ, ಒಂಬತ್ತು ನಂಬರು. ನಿಜವಾದ ಅನೂಪ ಆ ಹೊತ್ತಿನಲ್ಲಿ ತನ್ನ ಊರಿನಲ್ಲಿ ಚಹಾ ಕುಡಿಯುತ್ತಿದ್ದಿರಬಹುದು. ಕೋಡಿಯ ಮರಳಿನಲ್ಲಿ ಹಳದಿ ಬನಿಯನ್ ತೊಟ್ಟು ಬಿದ್ದಿದ್ದವನು ನಾವುಂದದ ನಾಗು, ಇಪ್ಪತ್ತೆರಡು ವರ್ಷದವ, ಅಳಿವೆ ಯುನೈಟೆಡ್ಡಿನದೇ ರಿಸರ್ವ್ ಟೀಮಿನವ. ಸೆಮಿಫೈನಲ್ ಮುಗಿದಲ್ಲಿಂದ, ಮೂರು ವಾರ, ಅವನೇ ಅನೂಪ.

ಬೇರೆ ಕ್ಲಬ್ಬುಗಳಲ್ಲಿ ರಿಸರ್ವ್ ಟೀಮಿನವರೆಂದರೆ ತಮ್ಮ ಸರದಿಗಾಗಿ ಕಾಯುವವರು. ಗುಣಪಾಲ ಬಂದ ಮೇಲೆ ಇಲ್ಲಿ ಅದು ಬದಲಾಯಿತು. ಮುಂದಿನ ಆಟ ಯಾರ ಮೇಲೋ, ಆ ವಾರವಿಡೀ ರಿಸರ್ವ್ ಟೀಮು ಅವರಾಗಬೇಕು. ಸೋಮವಾರ ಬಂದು "ಈ ವಾರ ನೀವ್ ಭಟ್ಕಳ" ಎಂದರೆ ಹನ್ನೊಂದು ಜನ ಶನಿವಾರದವರೆಗೆ ಭಟ್ಕಳದವರು. ಉಳಿದ ಹತ್ತು ಜನ ಇದನ್ನು ಕಾಟಾಚಾರಕ್ಕೆ ಮಾಡುತ್ತಿದ್ದರು. ನಾಗು ಒಬ್ಬ ಮಾತ್ರ ಮೈಕೊಟ್ಟು ಮಾಡಿದ. ಎದುರಾಳಿಗಳ ಆಟ ಎಲ್ಲಿದ್ದರೂ ಬಸ್ಸು ಹತ್ತಿ ಹೋಗುವುದು, ಗೋಲಿನ ಹಿಂದೆ ನಿಂತು ಒಬ್ಬನನ್ನೇ ನೋಡುವುದು, ವಾಪಸು ಬಂದು ಕುಂದಾಪುರ ಬಸ್‌ಸ್ಟ್ಯಾಂಡಿನಿಂದ ಕೋಡಿಗೆ ನಡೆಯುವಾಗಲೇ ಅವನ ಹಾಗೆ ನಡೆಯುವುದು. ಶಿರೂರಿನಲ್ಲಿ ಒಬ್ಬ ಬಲಭುಜ ಇಳಿಸಿ ಓಡುತ್ತಿದ್ದ. ಉಡುಪಿಯ ಒಬ್ಬನಿಗೆ ಚೆಂಡು ಬರುವ ಮುಂಚೆ ಎರಡು ಸಲ ಹಿಂದೆ ತಿರುಗಿ ನೋಡುವ ಚಟ. ಕೋಟೇಶ್ವರದ ಒಬ್ಬ ಪೊಲೀಸಿನವ ಮೊಣಕೈಯಲ್ಲೇ ಆಡುತ್ತಿದ್ದ. ನಾಲ್ಕು ವರ್ಷದಲ್ಲಿ ಮೂವತ್ತೇಳು ಜನ. ಬಲಗಾಲಿನ ನಾಗು ಅನೂಪನಿಗಾಗಿ ಎಡಗಾಲು ಕಲಿತ. ಮೊನ್ನೆ ಊಟಕ್ಕೆ ಕೂತಾಗ ಅನ್ನಕ್ಕೂ ಎಡಗೈಯೇ ಮುಂದೆ ಹೋಗಿ ಮನೆಯಲ್ಲಿ ಬೈಸಿಕೊಂಡಿದ್ದ.

ಎಷ್ಟು ಚೆನ್ನಾಗಿ ಮಾಡಿದನೋ ಅಷ್ಟೇ ಗಟ್ಟಿಯಾಗಿ ಅಲ್ಲಿಯೇ ಉಳಿದ. ಅವನ ಜೊತೆ ಕ್ಲಬ್ಬಿನ ಅಕಾಡೆಮಿಯ ಮೊದಲ ಬ್ಯಾಚಿನಲ್ಲಿದ್ದ ಯೋಗೀಶ, ಸಚಿನ್, ಎಲ್ಲರೂ ಮೇಲಿನ ಟೀಮಿಗೆ ಹೋದರು. ಎರಡು ಸಲ ನಾಗುವಿನ ಹೆಸರೂ ಬಂದಿತ್ತು. ಎರಡು ಸಲವೂ ಗುಣಪಾಲನೇ ಹೊಡೆದುಹಾಕಿದ. "ಇವ ಮೇಲ್ ಹೋರೆ ಭಟ್ಕಳದವ ಯಾರ್ ಆಪ್ದ್?" ಎಂದು ನಕ್ಕಿದ್ದ. ಆದರೆ ಮಾರ್ಚಿನಲ್ಲಿ, ಟೂರ್ನಮೆಂಟ್ ಶುರುವಾಗುವಾಗ, ತಾನಾಗಿ ಕರೆದು ಹೇಳಿದ್ದ: ಫೈನಲಿಗೆ ಹೋದರೆ ಹದಿನಾರು ಜನರ ಪಟ್ಟಿಯಲ್ಲಿ ನಿನ್ನ ಹೆಸರು ಹಾಕುತ್ತೇನೆ. ನಾಗು, ಜೆರ್ಸಿ ನಂಬರು ಹದಿನೇಳು. ಆ ಒಂದು ಮಾತನ್ನು ಹಿಡಿದುಕೊಂಡು ನಾಗು ಇಷ್ಟು ಒದೆ ತಿಂದದ್ದು. ಪಟ್ಟಿ ಇವತ್ತು, ಅಭ್ಯಾಸ ಮುಗಿದ ಮೇಲೆ, ಕ್ಲಬ್ಬಿನ ಬಾಗಿಲಿಗೆ ಅಂಟಿಸುವುದಿತ್ತು.

ರಿಸರ್ವಿನ ಗೋಲ್‌ಕೀಪರ್ ಬಚ್ಚ ಬಂದು ಕೈಕೊಟ್ಟು ಎಬ್ಬಿಸಿದ. "ಕಾಲ್ ಇತ್ತಾ, ಅಲ್ಲಾ ಬೈಂದೂರಿಗ್ ಹೋಯ್ತಾ?"

"ಕೈ ಬಿಡ್."

"ನನ್ ಮೇಲ್ ಎಂತಕೆ ಸಿಟ್ಟ್? ಹೊಡ್ದವ ಅಲ್ಲಿದ್ದ."

ನಾಗು ಹೌದೆಂದುಕೊಂಡ. ಮುಂದಿನ ಚೆಂಡಿಗೆ ಅವನು ಅನೂಪನನ್ನು ಮೈಮೇಲೆ ಅರ್ಧಂಬರ್ಧ ಕರೆಯಲಿಲ್ಲ, ಪೂರ್ತಿ ಕರೆದ. ಚೆಂಡನ್ನು ಎಡಗಾಲಿನ ಅಡಿಯಲ್ಲಿ ನಿಲ್ಲಿಸಿ, ಬೇಸರ ಬಂದವನ ಹಾಗೆ ಅತ್ತ ನೋಡಿದ. ಅನೂಪ ಹಾಗೆಯೇ, ಎದುರಿನವನಿಗೆ ತನ್ನನ್ನು ಇವನು ಲೆಕ್ಕಕ್ಕೇ ಇಟ್ಟಿಲ್ಲವಲ್ಲ ಎನ್ನಿಸುವಷ್ಟು ಹೊತ್ತು ನಿಲ್ಲುತ್ತಾನೆ. ಯೋಗೀಶ ನುಗ್ಗಿದ. ನಾಗು ಅಲ್ಲಿರಲಿಲ್ಲ. ಚೆಂಡು ಗೋಲಿನ ಬಲೆಯಲ್ಲಿತ್ತು. ಐದು ನಿಮಿಷ ಕಳೆದು ಇನ್ನೊಮ್ಮೆ. ಮೂರನೆಯ ಸಲ ಯೋಗೀಶ ಕಾಲು ಜಾರಿ ಕೂತೇಬಿಟ್ಟ. ನಾಗು ಅವನನ್ನು ಬಳಸಿಕೊಂಡು ಹೋಗಿ ಗೋಲು ಹೊಡೆದು, ಬನಿಯನ್ನಿನ ಕತ್ತನ್ನು ಹಲ್ಲಿನಲ್ಲಿ ಕಚ್ಚಿ ನಿಂತ. ಅನೂಪ ಗೋಲು ಹೊಡೆದ ಮೇಲೆ ಮಾಡುವುದೂ ಅದನ್ನೇ.

ಐಸ್ ಪ್ಲಾಂಟಿನ ಪಾಗಾರದ ಗೋಡೆಯ ಮೇಲೆ ಅಕಾಡೆಮಿಯ ಮಕ್ಕಳು, ಹದಿನಾಲ್ಕರ ಒಳಗಿನ ಇಪ್ಪತ್ತೈದು ಜನ, ಮೈದಾನ ಖಾಲಿಯಾಗಲೆಂದು ಸಾಲಾಗಿ ಕೂತಿದ್ದರು. "ಅನೂಪಣ್ಣ, ಅನೂಪಣ್ಣ," ಎಂದು ಪಾಗಾರಕ್ಕೆ ಹಿಮ್ಮಡಿ ಬಡಿದರು. ಮೊದಮೊದಲು ಪ್ರತಿ ಸೋಮವಾರ "ನಾಗಣ್ಣ, ಈ ವಾರ ನೀವ್ ಯಾರ್?" ಎಂದು ಕೇಳುತ್ತಿದ್ದವರು. ಈಗ ಕೇಳುವುದನ್ನೂ ಬಿಟ್ಟಿದ್ದರು.

ಯೋಗೀಶ ಎದ್ದು ಬಂದು ನಾಗುವಿನ ಕೊರಳು ಹಿಡಿದ. "ಇನ್ನೊಂದ್ ಸಲ ಬನಿಯನ್ ಕಚ್ಚ್ ಕಾಂಬ. ಹಲ್ ಉದ್ರ್ಸ್ತೆ."

"ನಂದಲ್ಲ ಹಲ್ಲ್," ಎಂದ ನಾಗು. "ಅನೂಪಂದ್. ಆದಿತ್ಯವಾರ ಅವ್ನತ್ರ ಹೇಳ್."

ಆಗ ಗುಣಪಾಲ ಸೀಟಿ ಊದಿದ.

ಪಟ್ಟಿಯನ್ನು ಬಚ್ಚ ಓದಿದ. ಹದಿನಾರೂ ಹೆಸರು ಓದಿ, ಕಾಗದದ ಹಿಂಬದಿಯಲ್ಲೇನಾದರೂ ಇದೆಯೋ ಎಂಬಂತೆ ಮೂಲೆ ಎತ್ತಿ ನೋಡಿದ. ಒಂಬತ್ತು ಸಚಿನ್. ಹದಿನೇಳು ನಂಬರು ಸಿದ್ದಾಪುರದಿಂದ ಹೋದ ವರ್ಷ ಬಂದವನಿಗೆ. ನಾಗುವಿನ ಹೆಸರು ಎಲ್ಲಿಯೂ ಇರಲಿಲ್ಲ.

ನಾಗು ಬೂಟು ಬಿಚ್ಚದೆ ಒಳಗೆ ಹೋದ. ಗುಣಪಾಲ ಮೇಜಿನ ಮೇಲೆ ಕಾಲಿಟ್ಟು ಬೀಸಣಿಗೆಯ ಹಾಗೆ ಫೈಲು ಬೀಸಿಕೊಳ್ಳುತ್ತಿದ್ದ.

"ಆದಿತ್ಯವಾರ ಎಂಟ್ ಗಂಟಿಗೆ ವ್ಯಾನ್," ಎಂದ, ತಲೆಯೆತ್ತದೆ. "ನೀನೂ ಬಾ. ಮ್ಯಾಚಿನ್ ಮುಂಚೆ ಅರ್ಧ ಗಂಟೆ ಡಿಫೆಂಡರ್‌ಗಳಿಗೆ ಅನೂಪ ಬೇಕ್."

"ಲಿಸ್ಟಗೆ ನನ್ ಹೆಸ್ರಿಲ್ಲೆ ಸರ್."

"ಗೊತ್ತಿತ್ತ್. ಬರ್ದದ್ ನಾನೇ ಅಲ್ದಾ."

"ಮಾರ್ಚಗೆ ಹಾಕ್ತೆ ಅಂದಿದ್ರಿ."

"ಕಾಂತೆ, ನೋಡುವ ಅಂದಿದ್ದೆ."

"ಹಾಕ್ತೆ ಅಂದಿದ್ರಿ. ಬಚ್ಚನೂ ಇದ್ದಿದ್ದ."

ಗುಣಪಾಲ ಫೈಲು ಕೆಳಗಿಟ್ಟ. ಬಹಳ ಹೊತ್ತು ನಾಗುವನ್ನು ನೋಡಿದ, ಮೀನು ತರುವಾಗ ಕಿವಿರು ಎತ್ತಿ ನೋಡುವವರ ಹಾಗೆ. ಆಮೇಲೆ ಎದ್ದು, ಟ್ರಂಕಿನಿಂದ ಒಂದು ಜೆರ್ಸಿ ತೆಗೆದು ಮೇಜಿನ ಮೇಲೆ ಹರಡಿದ. ಅಳಿವೆ ಯುನೈಟೆಡ್ಡಿನ ನೀಲಿ. ಒಂಬತ್ತು.

"ಸಚಿನ್ ಎರಡ್ ವರ್ಷದಗೆ ಯೋಗೀಶನ ಮೇಲ್ ಮೂರ್ ಗೋಲ್ ಹೊಡಿಲಿಲ್ಲೆ. ನೀ ಅರ್ಧ ಗಂಟಿಯಗೆ ಹೊಡ್ದೆ. ಲಿಸ್ಟ್ ಹರೀತೆ ನಾನ್. ಒಂಬತ್ ನಿಂದ್. ಸಬ್ ಅಲ್ಲ, ಶುರುವಿಂದ."

ನಾಗು ಜೆರ್ಸಿಯ ಮೇಲೆ ಕೈಯಿಡಲಿಲ್ಲ.

"ಆದ್ರೆ ಇದೇ ಆಟ ಬೇಕ್," ಎಂದ ಗುಣಪಾಲ. "ಅನೂಪಂದೇ. ಅವ್ರ ಡಿಫೆಂಡರ್‌ಗಳಿಗೆ ಅವ್ರದ್ದೇ ಹುಡ್ಗ ಎದ್ರಿಗ್ ಬಂದ್ರೆ ತಲೆ ಕೆಡತ್ತ್. ಆ ಬನಿಯನ್ ಕಚ್ಚುದೂ ಮಾಡ್. ಅನೂಪಂಗೂ ಉರೀಕ್."

"ನಾ ನನ್ ಆಟ ಆಡ್ತೆ ಸರ್."

"ಅರೆ, ನಿನ್ ಆಟ ಅಂದ್ರೆ ಎಂತ?" ಗುಣಪಾಲ ಕುಹಕದಿಂದ ಕೇಳಿದಂತಿರಲಿಲ್ಲ. ನಿಜವಾಗಿ ತಿಳಿಯಬೇಕೆಂಬಂತೆ ಕೇಳಿದ. ಅದೇ ಹೆಚ್ಚು ಚುಚ್ಚಿತು. "ನಾಲ್ಕ್ ವರ್ಷ ಆಯ್ತ್, ನಾನಂತೂ ಕಂಡದ್ದಿಲ್ಲೆ. ನೀ ಕಂಡಿದ್ಯಾ?"

"ಹತ್ ನಿಮಿಷ ಕೊಡಿ. ತೋರ್ಸ್ತೆ."

ಗುಣಪಾಲ ಗಡಿಯಾರ ನೋಡಿದ. ಜೆರ್ಸಿಯನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದ. "ಹ್ವಾಯ್, ಯೋಗೀಶ, ಬೂಟ್ ಬಿಚ್ಬೇಡ. ನಾಗುಗೆ ಅವ್ನ ಆಟ ತೋರ್ಸುಕಿತ್ತ್ ಅಂಬ್ರ್."

ಆಗಲೇ ಅರ್ಧ ಮೈದಾನಕ್ಕೆ ಇಳಿದಿದ್ದ ಮಕ್ಕಳನ್ನು ಮತ್ತೆ ಪಾಗಾರ ಹತ್ತಿಸಿದರು. ನಾಗು ಹಳದಿ ಬನಿಯನ್ ತೆಗೆದು ಬಚ್ಚನ ಕಡೆಗೆ ಎಸೆದು ಬರಿಮೈಯಲ್ಲಿ ನಿಂತ. ಬೇಕಾದದ್ದು ಇಷ್ಟೇ ಎಂದುಕೊಂಡಿದ್ದ. ಬನಿಯನ್ ತೆಗೆದರೆ ಒಳಗೆ ತಾನಿರುತ್ತೇನೆ.

ಮೊದಲ ಚೆಂಡು ಬಂತು. ಎಡಗಾಲು ಮುಂದೆ ಹೋಯಿತು. ಇದು ಅನೂಪ, ಎಂದು ಕಾಲನ್ನು ಹಿಂದೆಳೆದ. ಅಷ್ಟರಲ್ಲಿ ಯೋಗೀಶ ಚೆಂಡು ತೆಗೆದುಕೊಂಡು ಹೋಗಿಯಾಗಿತ್ತು. ಎರಡನೆಯದಕ್ಕೆ ಬಲಭುಜ ಇಳಿಯಿತು, ಶಿರೂರಿನವ. ಅವನನ್ನೂ ಹೊರಗೆ ಹಾಕಿದ. ಮೂರನೆಯದು ಬರುವ ಮುಂಚೆ ಎರಡು ಸಲ ಹಿಂದೆ ತಿರುಗಿ ನೋಡಿದ್ದ. ಉಡುಪಿಯವನು ಅವನಿಗೆ ಗೊತ್ತಾಗದ ಹಾಗೆ ಕುತ್ತಿಗೆಯಲ್ಲಿ ಕೂತಿದ್ದ. ಒಬ್ಬೊಬ್ಬನನ್ನೇ ಮೈಯಿಂದ ಅಟ್ಟುತ್ತ ಹೋದ ಹಾಗೆ ಓಡುವುದು ಹೇಗೆಂಬುದೇ ಸಂದೇಹವಾಯಿತು. ಯೋಗೀಶ ಈಗ ಒದೆಯುತ್ತಿರಲಿಲ್ಲ. ಒದೆಯುವ ಅಗತ್ಯವಿರಲಿಲ್ಲ. ಅಂಗಡಿಯಲ್ಲಿ ಚಿಲ್ಲರೆ ತೆಗೆದುಕೊಳ್ಳುವವನ ಹಾಗೆ ಬಂದು ಚೆಂಡು ತೆಗೆದುಕೊಂಡು ಹೋಗುತ್ತಿದ್ದ. ಅವನ ಮುಖದಲ್ಲಿ ಸಿಟ್ಟು ಕೂಡ ಉಳಿದಿರಲಿಲ್ಲ.

ಪಾಗಾರದ ಮೇಲಿಂದ ಯಾವುದೋ ಮಗು ಕೇಳಿತು, "ನಾಗಣ್ಣ, ಇದ್ ಯಾರ್?"

ನಗು ಪಾಗಾರದ ಉದ್ದಕ್ಕೂ ಹರಿಯಿತು. ಬಚ್ಚನೂ ನಕ್ಕ. ನಾಗು ನೋಡಿದ, ಬಚ್ಚ ನಗು ನುಂಗಿಕೊಂಡ.

ಎಂಟನೆಯ ನಿಮಿಷವಿರಬೇಕು, ಚೆಂಡು ಅವನ ಮೊಣಕಾಲಿಗೆ ಬಡಿದು ಅಡ್ಡ ಹೋಯಿತು. ಅದರ ಬೆನ್ನು ಹತ್ತಿ, ಯೋಚಿಸಲು ಹೊತ್ತಿಲ್ಲದೆ, ಬೂಟಿನ ತುದಿಯಿಂದ ಚುಚ್ಚಿದ. ಚೆಂಡು ಯೋಗೀಶನ ಎರಡು ಕಾಲಿನ ನಡುವೆ ನುಸುಳಿತು. ಗೋಲಿನ ಕಡೆಗಲ್ಲ; ಗೆರೆ ದಾಟಿ ಐಸ್ ಪ್ಲಾಂಟಿನ ಚರಂಡಿಗೆ ಹೋಗಿ ಬಿತ್ತು. ಮಕ್ಕಳು ಮತ್ತೆ ನಕ್ಕರು. ನಾಗು ನಿಂತಲ್ಲೇ ನಿಂತ. ಹೀಗೆ ಕಾಲ್ಬೆರಳಿನಿಂದ ಚುಚ್ಚುವವನು ಆ ಮೂವತ್ತೇಳು ಜನರಲ್ಲಿ ಒಬ್ಬನೂ ಇರಲಿಲ್ಲ. ನಾವುಂದದ ಕಡಲ ಕರೆಯ ಮರಳಿನಲ್ಲಿ ರಬ್ಬರಿನ ಚೆಂಡಿಗೆ ಹಾಗೆ ಒದೆಯುತ್ತಿದ್ದ ಹುಡುಗನೊಬ್ಬನಿದ್ದ, ನಾಗು ಎಂಬವ. ಅಕಾಡೆಮಿಗೆ ಸೇರಿದ ಮೊದಲ ತಿಂಗಳಲ್ಲೇ ಅದನ್ನು ಬಿಡಿಸಲೆಂದು ಬೂಟಿನೊಳಗೆ ಜಲ್ಲಿಕಲ್ಲು ಹಾಕಿಸಿದ್ದರು. ಒಳ್ಳೆಯ ಒದೆತವಲ್ಲ ಅದು. ಯಾವ ಟೀಮಿಗೂ ಬೇಡವಾದದ್ದು.

ಗುಣಪಾಲ ಸೀಟಿ ಊದಿದ. ಗೆರೆ ದಾಟಿ ಒಳಗೆ ಬಂದ.

"ಕಂಡಾಯ್ತಲ್ದಾ? ನಿಂಗೇ ಕಂಡಾಯ್ತ್. ಬೇಜಾರ್ ಮಾಡ್ಬೇಡ. ಎಲ್ರಿಗೂ ಸ್ವಂತದ್ದ್ ಇರುದಿಲ್ಲೆ. ನಿಂಗೆ ಬೇರೆ ಒಂದ್ ಇತ್ತ್, ಅದ್ ಯಾರ್ಗೂ ಇಲ್ಲೆ." ಹೆಗಲಿನ ಮೇಲಿದ್ದ ನೀಲಿ ಜೆರ್ಸಿಯನ್ನು ತೆಗೆದು ಮುಂದೆ ಹಿಡಿದ. "ಹಿಡಿ. ಅನೂಪ ಆಗಿ ಬಾ. ಕಪ್ ಬಂದ್ರೆ ಬರೋ ವರ್ಷವೂ ನೀ ಮೇಲಿನ್ ಟೀಮಗೇ ಇರ್ತಿ, ಎಲ್ರೆದ್ರಿಗೇ ಹೇಳ್ತೆ."

ಎಲ್ಲರೂ ಸುತ್ತ ಬಂದು ನಿಂತಿದ್ದರು. ತನ್ನ ನಂಬರು ಹೋಯಿತೆಂದು ತಿಳಿದ ಸಚಿನ್ ದೂರದಲ್ಲಿ ನೀರಿನ ಬಾಟಲಿಗೆ ಒದ್ದ.

"ಹಾಕ್ಕಾ ಮಾರಾಯ," ಎಂದ ಯೋಗೀಶ. ಸಂಜೆಯಿಂದ ಮೊದಲ ಸಲ ಅವನ ದನಿ ಮೆತ್ತಗಾಗಿತ್ತು. "ಫೈನಲ್ ಅದ್. ಯಾರಾಗ್ ಆಡ್ರೆ ಎಂತ, ಬೆನ್ನಿನ ಮೇಲ್ ಹೆಸ್ರ್ ಬರುದಿಲ್ಲೆ, ನಂಬ್ರ್ ಮಾತ್ರ ಅಲ್ದಾ."

ನಾಗು ಜೆರ್ಸಿಯನ್ನು ನೋಡಿದ. ನಾಲ್ಕು ವರ್ಷ ಕನಸಿನಲ್ಲಿ ಕಂಡ ನೀಲಿಗಿಂತ ಸ್ವಲ್ಪ ಮಾಸಲಾಗಿತ್ತು, ಅಷ್ಟೇ.

"ಬ್ಯಾಡ," ಎಂದ.

"ಎಂತ ಬ್ಯಾಡ? ಫಸ್ಟ್ ಇಲೆವೆನ್ ಅಂತ ಹೇಳ್ತಾ ಇದ್ದೆ ನಾನ್."

"ಕೇಣ್ತ್ ಸರ್. ಅನೂಪ ಆಗಿ ನಾ ಹಾಕುದಿಲ್ಲೆ."